ಫ್ರಾನ್ಸಿನ ಕ್ರಾಂತಿಯ ಪಾಠ: ತರಗತಿಯಲ್ಲಿ ಆಡಿಸಿದ ಆಟ ಕೈಮೀರಿತು, 1793 ಅನ್ನು ಹೇಗೆ ಕಲಿಸಲಿ?

ತೀರ್ಥಹಳ್ಳಿ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯ ಒಂದು ಕಾಲೇಜಿನಲ್ಲಿ ಪಿಯು ಮಕ್ಕಳಿಗೆ ಇತಿಹಾಸ ಪಾಠ ಮಾಡುತ್ತೇನೆ. ಈಗ ಫ್ರಾನ್ಸಿನ ಕ್ರಾಂತಿ ನಡೆಯುತ್ತಿದೆ. 1789ರ ಭಾಗ ಚೆನ್ನಾಗೇ ಹೋಯಿತು. ಹಿಂದಿನ ವರ್ಷ ಆಲಿಕಲ್ಲು ಮಳೆಗೆ ಹಾಳಾದ ಬೆಳೆ, ಕೂಲಿಯ ಅರ್ಧಕ್ಕಿಂತ ಜಾಸ್ತಿ ನುಂಗುತ್ತಿದ್ದ ಬ್ರೆಡ್ಡಿನ ಬೆಲೆ, ಜುಲೈ 14ರಂದು ಜನ ನುಗ್ಗಿದ ಬಾಸ್ಟಿಲ್ ಜೈಲು, ಆಗಸ್ಟ್ 26ರ ಹಕ್ಕುಗಳ ಘೋಷಣೆ. ಮಕ್ಕಳು ಕಣ್ಣರಳಿಸಿ ಕೇಳಿದರು. ತೊಂದರೆ ಶುರುವಾಗಿದ್ದು 1793ಕ್ಕೆ ಬಂದಾಗ.

ಆ ವರ್ಷ ಸೆಪ್ಟೆಂಬರ್ 17ರಂದು ಶಂಕಿತರ ಕಾನೂನು ಬಂತು. ನಡತೆಯಿಂದಲೋ ಮಾತಿನಿಂದಲೋ ಬರಹದಿಂದಲೋ, ಯಾರ ಜೊತೆ ಓಡಾಡುತ್ತಾರೆ ಅನ್ನುವುದರಿಂದಲೋ ಕ್ರಾಂತಿಯ ವೈರಿ ಅಂತ ಕಂಡವರನ್ನು ಹಿಡಿದು ಒಳಗೆ ಹಾಕಬಹುದು ಅನ್ನುವ ಕಾನೂನು. ಇದನ್ನು ಬಾಯಲ್ಲಿ ಹೇಳಿದರೆ ತಲೆಗೆ ಹೋಗಲ್ಲ ಅನ್ನಿಸಿತು. ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟೆ. ಈ ತರಗತಿಯೇ ಗಣರಾಜ್ಯ ಅಂದುಕೊಳ್ಳಿ, ಯಾರ ಮೇಲೆ ಅನುಮಾನವೋ ಅವರ ಹೆಸರು ಬರೆಯಿರಿ, ನಿಮ್ಮ ಹೆಸರು ಬೇಡ ಅಂದೆ. ಹೆಸರುಗಳು ಅಲ್ಲೊಂದು ಇಲ್ಲೊಂದು ಬರುತ್ತವೆ, ನೋಡಿ ಯಾರು ಬೇಕಾದರೂ ಶಂಕಿತರಾಗಬಹುದಿತ್ತು ಅಂತ ಹೇಳೋಣ ಅನ್ನುವುದು ನನ್ನ ಲೆಕ್ಕ.

46 ಚೀಟಿಯಲ್ಲಿ 19ರಲ್ಲಿ ಒಬ್ಬನದೇ ಹೆಸರು. ಈ ವರ್ಷ ಬಂದು ಸೇರಿದ ಹುಡುಗ, ಹಾಸ್ಟೆಲ್ಲಿನಲ್ಲಿದ್ದಾನೆ, ಮಾತು ಕಡಿಮೆ. ನಾನು ಓದುತ್ತಾ ಹೋದಂತೆ ಹಿಂದಿನ ಬೆಂಚಿನಿಂದ ಯಾರೋ "ತಲೆ ಕಡೀರಿ" ಅಂದರು. ಚಪ್ಪಾಳೆ ಬಿತ್ತು. ಅಲ್ಲಿಗೇ ನಿಲ್ಲಿಸಿ ಚೀಟಿ ಹರಿದೆ. ಅವನೇ ಯಾಕೆ ಅಂತ ಕೇಳಿದರೆ "ಅವನು ಯಾರ ಜೊತೆಗೂ ಸೇರಲ್ಲ ಸರ್" ಅಂದರು. ಮಾರನೇ ದಿನದಿಂದ ಎರಡು ದಿನ ಹುಡುಗ ಬರಲಿಲ್ಲ.

ತಪ್ಪು ನನ್ನದು. ಅದನ್ನು ಸರಿ ಮಾಡುವುದು ಹೇಗೆ ಅನ್ನುವುದು ಒಂದು ಪ್ರಶ್ನೆ. ಎರಡನೆಯದು, ಈ ಭಾಗವನ್ನು ಹೇಗೆ ಕಲಿಸುವುದು? ನನ್ನ ಹಳೇ ನೋಟ್ಸಿನಲ್ಲಿ ನಾಲ್ಕೇ ಸಾಲು ಇದೆ. ಆಗಿನ ಸರ್ಕಾರದ ಮುಖ್ಯ ನಾಯಕ ರೋಬೆಸ್ಪಿಯರ್ ಕ್ರೂರಿ, ತಲೆ ಕಡಿಯುವ ಯಂತ್ರ ಗಿಲ್ಲೊಟಿನ್ ಬಂತು, ಸಾವಿರಾರು ಜನ ಸತ್ತರು, ಕೊನೆಗೆ ಅವನೂ ಸತ್ತ. ಇಷ್ಟು ವರ್ಷ ಇದನ್ನೇ ಬರೆಸಿದ್ದೇನೆ. ನಾಲ್ಕು ವರ್ಷದ ಹಿಂದೆ ಮನುಷ್ಯರ ಹಕ್ಕು ಅಂದವರು ಹೀಗೆ ಹೇಗಾದರು ಅನ್ನುವುದಕ್ಕೆ ಆ ನಾಲ್ಕು ಸಾಲಿನಲ್ಲಿ ಉತ್ತರವೇ ಇಲ್ಲ.

ಕೊಪ್ಪದ ಮಳೆ

ಹುಡುಗ ಈಗ ಹೇಗಿದ್ದಾನೆ ಮೇಷ್ಟ್ರೇ? ಅದು ಮೊದಲು ಹೇಳಿ.

ತೀರ್ಥಹಳ್ಳಿ ಮೇಷ್ಟ್ರು

ಹಾಸ್ಟೆಲ್ಲಿಗೆ ಹೋಗಿ ಮಾತಾಡಿದೆ. ಜ್ವರ ಅಂದ. ಜ್ವರ ಇರಲಿಲ್ಲ. ತಪ್ಪು ನನ್ನದು ಕಣಪ್ಪಾ ಅಂತ ಹೇಳಿದೆ. ಸೋಮವಾರ ಬಂದ. ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂತ.

ಹೊಸನಗರದವಳು

ಸರ್, ಬೇಜಾರು ಮಾಡಿಕೊಳ್ಳಬೇಡಿ, ನೇರವಾಗಿ ಹೇಳುತ್ತೇನೆ. ನಾನು ಹೈಸ್ಕೂಲಿನಲ್ಲಿ ಸಮಾಜ ತಗೊಳ್ಳುವುದು, ಹದಿನಾಲ್ಕು ವರ್ಷ ಆಯಿತು. ಮಕ್ಕಳ ನಿಜವಾದ ಹೆಸರು ಇಟ್ಟುಕೊಂಡು ಇಂಥ ಆಟ ಯಾವತ್ತೂ ಆಡಿಸಬಾರದು. ತರಗತಿಯಲ್ಲಿ ಜಾತಿ ಇರುತ್ತೆ, ಊರು ಇರುತ್ತೆ, ಹಾಸ್ಟೆಲ್ ಹುಡುಗರು ಮನೆಯಿಂದ ಬರುವವರು ಅಂತ ಇರುತ್ತೆ. ಚೀಟಿ ಕೊಟ್ಟ ಕೂಡಲೇ ಅದೆಲ್ಲ ಹೊರಗೆ ಬರುತ್ತೆ.

ನಾನು ಕಾರ್ಡು ಮಾಡಿಕೊಂಡಿದ್ದೇನೆ. ಒಂದೊಂದು ಕಾರ್ಡಿನಲ್ಲಿ ಆ ಕಾಲದ ಒಬ್ಬೊಬ್ಬರು, ಎಲ್ಲರೂ ಕಲ್ಪನೆಯವರು. ಬ್ರೆಡ್ ಮಾಡುವವ, ಗಂಡ ಸೈನ್ಯಕ್ಕೆ ಹೋದ ಹೆಂಗಸು, ಸೈನ್ಯದಿಂದ ಓಡಿಬಂದ ಮಗನನ್ನು ಬಚ್ಚಿಟ್ಟ ಅಮ್ಮ, ಪಾದ್ರಿ ಮನೆಯ ಕೆಲಸದವಳು, ನೋಟಿನ ಬದಲು ಬೆಳ್ಳಿ ನಾಣ್ಯವೇ ಬೇಕು ಅಂದ ಅಂಗಡಿಯವ. ಮಕ್ಕಳು ಗುಂಪಾಗಿ ಕೂತು ಈ ಕಾನೂನಿನ ಪ್ರಕಾರ ಇವರಲ್ಲಿ ಯಾರು ಒಳಗೆ ಹೋಗುತ್ತಾರೆ ಅಂತ ನೋಡಬೇಕು. ಹತ್ತು ನಿಮಿಷದಲ್ಲಿ "ಟೀಚರ್, ಎಲ್ಲರೂ ಹೋಗ್ತಾರಲ್ಲ" ಅನ್ನುತ್ತಾರೆ. ಆ ಮಾತು ಅವರ ಬಾಯಿಂದಲೇ ಬರಬೇಕು. ನಾವು ಹೇಳಬಾರದು.

ಅಡಿಕೆ ಚಪ್ಪರ

ಮೇಡಂ ಹೇಳಿದ್ದು ಒಪ್ಪುತ್ತೇನೆ, ಆದರೆ ಒಂದು ವಿಷಯ. ಮೇಷ್ಟ್ರ ತರಗತಿಯಲ್ಲಿ ಆಗಿದ್ದು ಆಗ ಫ್ರಾನ್ಸಿನ ಊರೂರಲ್ಲಿ ಆಗಿದ್ದೇ. 1793ರ ಮಾರ್ಚ್‌ನಲ್ಲೇ ಊರಿಗೊಂದು ನಿಗಾ ಸಮಿತಿ ಮಾಡಿದರು. ಶುರುವಿನಲ್ಲಿ ಹೊರಗಿನಿಂದ ಬಂದವರ ಮೇಲೆ ಕಣ್ಣಿಡುವುದಕ್ಕೆ. ಶಂಕಿತರ ಕಾನೂನು ಬಂದ ಮೇಲೆ ಪಟ್ಟಿ ಮಾಡುವುದು, ಹಿಡಿಯುವುದು ಇವರದೇ ಕೆಲಸ ಆಯಿತು. ಪ್ಯಾರಿಸ್ಸಿನಲ್ಲಿ ಕೂತು ದೇಶ ನಡೆಸುತ್ತಿದ್ದ ಸಾರ್ವಜನಿಕ ರಕ್ಷಣಾ ಸಮಿತಿಯ ಹನ್ನೆರಡು ಜನರಿಗೆ ಹಳ್ಳಿಯಲ್ಲಿ ಯಾರು ದ್ರೋಹಿ ಅಂತ ಎಲ್ಲಿ ಗೊತ್ತು? ಹೆಸರು ಕೊಟ್ಟವರು ಅಕ್ಕಪಕ್ಕದವರೇ. ಬೇಲಿ ಜಗಳ, ಬಾಕಿ ಸಾಲ, ಹಳೇ ಮದುವೆ ಮುರಿದ ಸಿಟ್ಟು, ಎಲ್ಲಾ ದೇಶಭಕ್ತಿಯ ಹೆಸರಲ್ಲಿ ಹೊರಗೆ ಬಂತು. ಇದು ನಮ್ಮ ಊರಲ್ಲಾದರೆ ಹೇಗಿರುತ್ತೆ ಅಂತ ಒಂದು ನಿಮಿಷ ಯೋಚನೆ ಮಾಡಿ. ನಮ್ಮ ತೋಟದ ಕಾಲುವೆ ನೀರಿನ ಜಗಳ ಮೂರು ತಲೆಮಾರಿನದು.

ಹಾಗಂತ ಆ ಆಟ ಮತ್ತೆ ಆಡಿಸಿ ಅನ್ನುತ್ತಿಲ್ಲ.

ಭದ್ರಾವತಿ ಅಪ್ಪ

ಅಡಿಕೆ ಚಪ್ಪರ ಅವರೇ, ಒಬ್ಬ ಹುಡುಗನಿಗೆ ನೋವಾಗಿದೆ, ನೀವು ಅದರಲ್ಲಿ ಪಾಠ ಹುಡುಕುತ್ತಿದ್ದೀರಿ. ನನ್ನ ಮಗಳು ಪಿಯು ಓದುತ್ತಿದ್ದಾಳೆ. ಅವಳ ಹೆಸರು 19 ಚೀಟಿಯಲ್ಲಿ ಬಂದಿದ್ದರೆ ನಾನು ಕಾಲೇಜಿಗೆ ಬಂದು ಕೂರುತ್ತಿದ್ದೆ. ಹದಿನಾರು ಹದಿನೇಳರ ಮಕ್ಕಳಿಗೆ ಇಷ್ಟು ರಕ್ತದ ಪಾಠ ಬೇಕಾ? ಕ್ರಾಂತಿಯಿಂದ ಸ್ವಾತಂತ್ರ್ಯ, ಸಮಾನತೆ, ಸೋದರತೆ ಬಂತು. ನಮ್ಮ ಸಂವಿಧಾನದ ಪ್ರಸ್ತಾವನೆಯಲ್ಲೂ ಆ ಮಾತುಗಳಿವೆ. ಅದನ್ನು ಚೆನ್ನಾಗಿ ಕಲಿಸಿ ಸಾಕು.

ಶಿವಮೊಗ್ಗ ವಕೀಲ

ಅಪ್ಪ ಅವರೇ, ಸಾಲದು. ಆ ಮೂರು ಮಾತನ್ನು ಹೇಳಿದವರೇ ಆಮೇಲೆ ಏನು ಮಾಡಿದರು ಅಂತ ಗೊತ್ತಿಲ್ಲದಿದ್ದರೆ ಆ ಮಾತುಗಳನ್ನು ಕಾಪಾಡಿಕೊಳ್ಳುವುದು ಹೇಗೆ ಅಂತಲೂ ಗೊತ್ತಾಗಲ್ಲ.

ಮೇಷ್ಟ್ರೇ, ನನ್ನ ಕೇಳಿದರೆ ಕತ್ತಿಯನ್ನು ಬಿಟ್ಟು ಕಾನೂನಿನ ಮೆಟ್ಟಿಲು ತೋರಿಸಿ. ಬೋರ್ಡಿನ ಮೇಲೆ ಒಂದರ ಕೆಳಗೆ ಒಂದು ತಾರೀಖು ಬರೆಯಿರಿ. 1792 ಸೆಪ್ಟೆಂಬರ್ 2ರಿಂದ ಕೆಲವು ದಿನ ಪ್ಯಾರಿಸ್ಸಿನ ಜೈಲುಗಳಿಗೆ ಗುಂಪು ನುಗ್ಗಿ ಸಾವಿರಕ್ಕಿಂತ ಜಾಸ್ತಿ ಕೈದಿಗಳನ್ನು ಕೊಂದಿತು. ಅವರಲ್ಲಿ ಹೆಚ್ಚಿನವರು ಕಳ್ಳತನ, ಖೋಟಾ ನೋಟು ಅಂತ ಒಳಗಿದ್ದ ಮಾಮೂಲಿ ಕೈದಿಗಳು, ರಾಜಕೀಯಕ್ಕೆ ಸಂಬಂಧವೇ ಇಲ್ಲ. ಆರು ತಿಂಗಳಾದ ಮೇಲೆ, 1793 ಮಾರ್ಚ್ 10ರಂದು, ಕ್ರಾಂತಿ ನ್ಯಾಯಮಂಡಳಿ ಬೇಕು ಅಂತ ಕ್ರಾಂತಿಯ ನಾಯಕರಲ್ಲೊಬ್ಬನಾದ ಡಾಂಟನ್ ವಾದ ಮಾಡಿದ. ಜನ ಭಯಂಕರ ಆಗುವುದು ತಪ್ಪಬೇಕಾದರೆ ನಾವೇ ಭಯಂಕರ ಆಗೋಣ ಅನ್ನುವ ಅರ್ಥದ ಮಾತು ಹೇಳಿದ. ಇದನ್ನು ಮಕ್ಕಳ ಮುಂದೆ ಇಡಿ. ಗುಂಪು ಬೀದಿಯಲ್ಲಿ ಕೊಲ್ಲುವುದಕ್ಕಿಂತ ಕೋರ್ಟು ವಿಚಾರಣೆ ಮಾಡಲಿ ಅನ್ನುವುದು ಕೇಳುವುದಕ್ಕೆ ಸರಿಯಾಗೇ ಇದೆ ಅಲ್ವಾ? ನಾನು ಅಲ್ಲಿದ್ದರೆ ಕೈ ಎತ್ತುತ್ತಿದ್ದೆನೋ ಏನೋ.

ಏಪ್ರಿಲ್‌ನಲ್ಲಿ ಸಾರ್ವಜನಿಕ ರಕ್ಷಣಾ ಸಮಿತಿ. ಸೆಪ್ಟೆಂಬರ್‌ನಲ್ಲಿ ಶಂಕಿತರ ಕಾನೂನು. 1794 ಜೂನ್ 10ರಂದು ಇನ್ನೊಂದು ಕಾನೂನು, ಅವರ ಹೊಸ ಪಂಚಾಂಗದಲ್ಲಿ ಪ್ರೇರಿಯಲ್ 22. ಅದರ ಪ್ರಕಾರ ಆರೋಪಿಗೆ ವಕೀಲ ಇಲ್ಲ. ಸಾಕ್ಷಿ ಕರೆಸಲೇಬೇಕು ಅಂತ ಇಲ್ಲ. ತೀರ್ಪು ಎರಡೇ, ಬಿಡುಗಡೆ ಅಥವಾ ಸಾವು. ಅದಾಗಿ ಏಳು ವಾರದೊಳಗೆ ಪ್ಯಾರಿಸ್ ಒಂದರಲ್ಲೇ ಸುಮಾರು 1,400 ಜನರ ತಲೆ ಹೋಯಿತು.

ಡಾಂಟನ್ ತಾನು ಕೇಳಿ ಮಾಡಿಸಿದ ನ್ಯಾಯಮಂಡಳಿಯಿಂದಲೇ ಶಿಕ್ಷೆ ಆಗಿ 1794 ಏಪ್ರಿಲ್ 5ರಂದು ಸತ್ತ. ವಿಚಾರಣೆಯ ನಡುವೆ ಅವನ ದನಿ ಜೋರಾದಾಗ, ನ್ಯಾಯಕ್ಕೆ ಅಡ್ಡಿ ಮಾಡುವವರನ್ನು ಹೊರಗಿಟ್ಟು ವಿಚಾರಣೆ ಮುಗಿಸಬಹುದು ಅಂತ ಅವಸರದಲ್ಲಿ ಒಂದು ಆದೇಶ ತಂದರು. ನಾನು ದಿನಾ ಕೋರ್ಟಿಗೆ ಹೋಗುವವ. ಆ ಭಾಗ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬಿಎಡ್ ಎರಡನೇ ವರ್ಷ

ಸರ್ ಈ ಮೆಟ್ಟಿಲಿನ ಪಟ್ಟಿ ನನ್ನ ಪಾಠಯೋಜನೆಗೆ ತಗೊಳ್ಳಲಾ?

ಶಿವಮೊಗ್ಗ ವಕೀಲ

ಧಾರಾಳವಾಗಿ ತಗೊಳ್ಳಮ್ಮಾ.

ಸಾಗರ ಸೀಮೆ

ನಾನು ನಿವೃತ್ತ ಮೇಷ್ಟ್ರು. ಒಂದು ಶಬ್ದದ ತಕರಾರು ಇದೆ. ಇದನ್ನು ಕೆಲವು ಕಡೆ "ಭಯೋತ್ಪಾದನೆಯ ಆಳ್ವಿಕೆ" ಅಂತ ಬರೆಯುತ್ತಾರೆ. ಇವತ್ತಿನ ಮಕ್ಕಳಿಗೆ ಭಯೋತ್ಪಾದನೆ ಅಂದರೆ ಬಾಂಬು, ಗಡಿ ದಾಟಿ ಬಂದವರು. ಸರ್ಕಾರವೇ ಕಾಗದದ ಮೇಲೆ ಸಹಿ ಹಾಕಿ ತನ್ನ ಜನರನ್ನು ಹೆದರಿಸಿ ಆಳಿದ್ದು ಅನ್ನುವುದು ಆ ಶಬ್ದದಿಂದ ಹೊಳೆಯುವುದೇ ಇಲ್ಲ. ನಾನು "ಭೀತಿಯ ಆಳ್ವಿಕೆ" ಅಂತಲೇ ಬರೆಸುತ್ತಿದ್ದೆ.

ಅಡಿಕೆ ಚಪ್ಪರ

ಭೀತಿಯ ಆಳ್ವಿಕೆ ಸರಿ ಸರ್. ಇನ್ನೊಂದು ಸೇರಿಸುತ್ತೇನೆ. ಗಿಲ್ಲೊಟಿನ್‌ಗೆ ಹೋದವರೆಲ್ಲ ರಾಜ ರಾಣಿ ಶ್ರೀಮಂತರು ಅಂತ ಮಕ್ಕಳು ತಿಳಿದಿರುತ್ತಾರೆ. ನಾನೂ ಬಹಳ ವರ್ಷ ಹಾಗೇ ತಿಳಿದಿದ್ದೆ. ದೇಶದಲ್ಲಿ ಕೋರ್ಟು ತೀರ್ಪಿನ ಮೂಲಕ ಸತ್ತವರು ಸುಮಾರು 17,000. ಅವರಲ್ಲಿ ಬಹುಪಾಲು ರೈತರು, ಕೂಲಿಯವರು, ಕಸಬುದಾರರು, ಸಣ್ಣ ವ್ಯಾಪಾರಿಗಳು. ಪ್ಯಾರಿಸ್ಸಿನ ಪಾಲು 2,600 ಚಿಲ್ಲರೆ. ಅರ್ಧಕ್ಕೂ ಜಾಸ್ತಿ ಪಶ್ಚಿಮದ ವಾಂಡೆ ಕಡೆಯವರು. ವಿಚಾರಣೆ ಇಲ್ಲದೆ ಸತ್ತವರು, ಜೈಲಲ್ಲಿ ಸತ್ತವರು, ವಾಂಡೆಯ ಅಂತರ್ಯುದ್ಧದಲ್ಲಿ ಸತ್ತವರು ಇದರಲ್ಲಿ ಸೇರಿಲ್ಲ. ನಾಂತ್ ಪಟ್ಟಣದಲ್ಲಿ ಕೈದಿಗಳನ್ನು ದೋಣಿಗೆ ತುಂಬಿ ಲ್ವಾರ್ ನದಿಯಲ್ಲಿ ಮುಳುಗಿಸಿದರು.

ಕೊಪ್ಪದ ಮಳೆ

ವಾಂಡೆಯ ರೈತರು ಎಂತಕ್ಕೆ ಎದ್ದರು? ಕ್ರಾಂತಿ ರೈತರ ಪರ ಇತ್ತಲ್ಲ?

ಅಡಿಕೆ ಚಪ್ಪರ

1793 ಫೆಬ್ರವರಿಯಲ್ಲಿ 3 ಲಕ್ಷ ಗಂಡಸರನ್ನು ಸೈನ್ಯಕ್ಕೆ ಸೇರಿಸಬೇಕು ಅಂತ ಆದೇಶ ಆಯಿತು. ಅದಕ್ಕೆ ಮೊದಲೇ ಊರಿನ ಪಾದ್ರಿಗಳು ಸರ್ಕಾರಕ್ಕೆ ನಿಷ್ಠೆಯ ಪ್ರಮಾಣ ಮಾಡಬೇಕು ಅಂತ ಕಟ್ಟಳೆ ಮಾಡಿ, ಮಾಡದವರನ್ನು ಓಡಿಸಿದ್ದರು. ಚರ್ಚಿನ ಜಮೀನು ಹರಾಜಾದಾಗ ಕೊಂಡವರು ಪಟ್ಟಣದ ದುಡ್ಡಿನವರು. ಹಳ್ಳಿಯವರಿಗೆ ಸಿಕ್ಕಿದ್ದೇನು ಹೇಳಿ? ಪಾದ್ರಿ ಹೋದ, ಜಮೀನು ಬರಲಿಲ್ಲ, ಈಗ ಮಗನನ್ನೂ ಕೊಡಿ ಅಂದರು.

ಹೊಸನಗರದವಳು

ಇದನ್ನು ನಮ್ಮ ಮಕ್ಕಳಿಗೆ ಹೇಳಿದರೆ ತಕ್ಷಣ ಅರ್ಥ ಆಗುತ್ತೆ. ಅಣೆಕಟ್ಟಿಗೆ ಊರು ಮುಳುಗಡೆಯಾಗಿ ಎದ್ದು ಬಂದವರ ಮೊಮ್ಮಕ್ಕಳು ನನ್ನ ತರಗತಿಯಲ್ಲಿದ್ದಾರೆ. ಪಟ್ಟಣದಲ್ಲಿ ಕೂತವರು ಒಳ್ಳೇದು ಅಂತ ಮಾಡಿದ್ದು ಹಳ್ಳಿಗೆ ಬೇರೆ ತರ ಮುಟ್ಟುತ್ತೆ ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ತುಂಗೆಯ ದಡ

ಎಲ್ಲರೂ ಒಂದೇ ಕಡೆ ವಾಲುತ್ತಿದ್ದೀರಿ, ಅದಕ್ಕೆ ಬರೆಯುತ್ತಿದ್ದೇನೆ. ಸುತ್ತ ಯುದ್ಧ ಇತ್ತು ಅನ್ನುವುದನ್ನು ಮರೆಯಬಾರದು. ಆಸ್ಟ್ರಿಯಾ, ಪ್ರಷ್ಯಾ, ಬ್ರಿಟನ್, ಸ್ಪೇನ್ ಎಲ್ಲಾ ಒಟ್ಟಿಗೆ ಮೇಲೆ ಬಿದ್ದಿದ್ದವು. ಒಳಗೆ ವಾಂಡೆ, ಲಿಯೋನ್ ಕಡೆ ದಂಗೆ. ಟೂಲೋನ್ ಬಂದರನ್ನು ಒಳಗಿನವರೇ ಬ್ರಿಟಿಷರ ಕೈಗೆ ಕೊಟ್ಟರು. ಬ್ರೆಡ್ಡಿಗೆ ಸಾಲು. 1793 ಜುಲೈ 13ರಂದು ಕ್ರಾಂತಿಯ ಪರ ಪತ್ರಿಕೆ ನಡೆಸುತ್ತಿದ್ದ ನಾಯಕ ಮರಾತ್‌ನನ್ನು ಸ್ನಾನದ ತೊಟ್ಟಿಯಲ್ಲೇ ಚುಚ್ಚಿ ಕೊಂದರು. ಇಂಥ ಹೊತ್ತಲ್ಲಿ ಯಾವ ಸರ್ಕಾರ ಸುಮ್ನೆ ಕೂರುತ್ತಿತ್ತು? ಅದೇ ಸರ್ಕಾರ 1794 ಫೆಬ್ರವರಿ 4ರಂದು ವಸಾಹತುಗಳಲ್ಲಿ ಗುಲಾಮಗಿರಿ ರದ್ದು ಮಾಡಿತು. ಇದೂ ಪಾಠದಲ್ಲಿ ಬರಲಿ. ಕ್ರಾಂತಿ ಅಂದರೆ ಬರೀ ರಕ್ತ ಅಂತ ಮಕ್ಕಳ ತಲೆಯಲ್ಲಿ ಕೂತರೆ ನಾಳೆ ಯಾವ ಅನ್ಯಾಯದ ವಿರುದ್ಧವೂ ದನಿ ಎತ್ತಲ್ಲ.

ಶಿವಮೊಗ್ಗ ವಕೀಲ

ಯುದ್ಧ ಇತ್ತು, ಒಪ್ಪಿದೆ. ಆದರೆ ಆ ಯುದ್ಧ ಸಾರಿದ್ದು ಯಾರು? 1792 ಏಪ್ರಿಲ್ 20ರಂದು ಆಸ್ಟ್ರಿಯಾ ಮೇಲೆ ಫ್ರಾನ್ಸೇ ಸಾರಿತು. ಆಗ ಬೇಡ ಬೇಡ ಅಂತ ಎದ್ದು ನಿಂತು ವಾದ ಮಾಡಿದವನು ರೋಬೆಸ್ಪಿಯರ್. ಬಂದೂಕು ಹಿಡಿದು ಬರುವ ಧರ್ಮಪ್ರಚಾರಕರನ್ನು ಯಾರೂ ಇಷ್ಟಪಡಲ್ಲ ಅಂದ. 1791 ಮೇ ತಿಂಗಳಲ್ಲಿ ಮರಣದಂಡನೆಯೇ ಬೇಡ ಅಂತ ಸಭೆಯಲ್ಲಿ ಮಾತಾಡಿದವನೂ ಅವನೇ. ಮೇಷ್ಟ್ರು ನೋಟ್ಸಿನಲ್ಲಿ "ಕ್ರೂರಿ" ಅಂತ ಬರೆಸಿದ್ದು ಅಲ್ಲಿಗೇ ಬಿದ್ದುಹೋಗುತ್ತೆ. ಮರಣದಂಡನೆ ಬೇಡ ಅಂದ ಮನುಷ್ಯ ಮೂರು ವರ್ಷದಲ್ಲಿ ಪ್ರೇರಿಯಲ್ ಕಾನೂನಿನ ಹಿಂದೆ ನಿಂತ. ಆ ಮೂರು ವರ್ಷವೇ ಪಾಠ.

ಇನ್ನೊಂದು. 1794 ಜೂನ್ 26ರಂದು ಫ್ಲೂರಸ್‌ನಲ್ಲಿ ಫ್ರಾನ್ಸ್ ಗೆದ್ದಿತು. ಗಡಿಯ ಅಪಾಯ ಕಡಿಮೆ ಆಯಿತು. ಪ್ಯಾರಿಸ್ಸಿನಲ್ಲಿ ತಲೆ ಬೀಳುವುದು ಮಾತ್ರ ಜುಲೈನಲ್ಲೂ ನಿಲ್ಲಲಿಲ್ಲ.

ತುಂಗೆಯ ದಡ

ಅದು ಪ್ಯಾರಿಸ್ಸಿನ ಲೆಕ್ಕ. ಅಡಿಕೆ ಚಪ್ಪರ ಅವರೇ ಹೇಳಿದರಲ್ಲ, ಅರ್ಧಕ್ಕಿಂತ ಜಾಸ್ತಿ ಸಾವು ಅಂತರ್ಯುದ್ಧ ಇದ್ದ ಪಶ್ಚಿಮದಲ್ಲೇ ಅಂತ. ಯುದ್ಧ ಎಲ್ಲಿ ಜೋರಿತ್ತೋ ಅಲ್ಲೇ ಸಾವು ಜಾಸ್ತಿ. ಹಾಗಾದರೆ ಯುದ್ಧವೇ ದೊಡ್ಡ ಕಾರಣ ಅಲ್ವಾ?

ಶಿವಮೊಗ್ಗ ವಕೀಲ

ದೊಡ್ಡ ಕಾರಣ ಹೌದು. ಒಂದೇ ಕಾರಣ ಅಲ್ಲ. ನಿಮ್ಮ ಮಾತನ್ನೂ ನನ್ನ ಮಾತನ್ನೂ ಬೋರ್ಡಿನ ಎರಡು ಕಡೆ ಬರೆದು ಮಕ್ಕಳನ್ನೇ ವಾದ ಮಾಡಲು ಬಿಡಲಿ.

ಬಿಎಡ್ ಎರಡನೇ ವರ್ಷ

ಮಕ್ಕಳಿಗೆ ಮನಸ್ಸಿಗೆ ನಾಟುವುದು ಒಂದು ಸ್ನೇಹದ ಕಥೆ ಅಂತ ನನಗನ್ನಿಸುತ್ತೆ. ರೋಬೆಸ್ಪಿಯರ್ ಮತ್ತು ಕಮೀಲ್ ದೆಮುಲೆ ಪ್ಯಾರಿಸ್ಸಿನಲ್ಲಿ ಒಂದೇ ಶಾಲೆಯಲ್ಲಿ ಓದಿದವರು. 1790 ಡಿಸೆಂಬರ್‌ನಲ್ಲಿ ಕಮೀಲ್ ಮದುವೆಗೆ ರೋಬೆಸ್ಪಿಯರ್ ಸಾಕ್ಷಿ. 1793ರ ಕೊನೆಯಲ್ಲಿ ಕಮೀಲ್ ತನ್ನ ಪತ್ರಿಕೆಯಲ್ಲಿ ಕ್ಷಮೆಗೂ ಒಂದು ಸಮಿತಿ ಇರಲಿ, ಜೈಲಲ್ಲಿರುವ ಶಂಕಿತರನ್ನು ಬಿಡಿ ಅಂತ ಬರೆದ. ನಾಲ್ಕು ತಿಂಗಳಿಗೆ ಡಾಂಟನ್ ಜೊತೆ ಅವನ ತಲೆಯೂ ಹೋಯಿತು. ಬಂಧನದ ಆದೇಶದಲ್ಲಿ ರೋಬೆಸ್ಪಿಯರ್ ಸಹಿ ಇದೆ. ಎಂಟು ದಿನಕ್ಕೆ ಕಮೀಲ್ ಹೆಂಡತಿ ಲೂಸಿಲ್ ಕೂಡಾ.

ನಾನು ಅಭ್ಯಾಸ ಪಾಠದಲ್ಲಿ ಇದನ್ನು ಹೇಳಿದಾಗ ತರಗತಿ ಪೂರ್ತಿ ಮೌನ. ಒಂದು ಹುಡುಗಿ "ಅವರು ಮದುವೆ ನೆನಪು ಮಾಡ್ಕೊಳ್ಳಲಿಲ್ವಾ ಮಿಸ್" ಅಂದಳು. ನನಗೆ ಉತ್ತರ ಹೊಳೆಯಲಿಲ್ಲ.

ಹೊಸನಗರದವಳು

ಹೆಂಗಸರ ವಿಷಯ ಬಂತು, ಅದಕ್ಕೆ ಹೇಳುತ್ತೇನೆ. 1789 ಅಕ್ಟೋಬರ್ 5ರಂದು ವರ್ಸೇಲ್ಸ್ ತನಕ ನಡೆದು ಹೋಗಿ ರಾಜನನ್ನು ಪ್ಯಾರಿಸ್ಸಿಗೆ ತಂದವರು ಹೆಂಗಸರು. 1791ರಲ್ಲಿ ಹೆಂಗಸರ ಹಕ್ಕುಗಳ ಘೋಷಣೆ ಬರೆದ ಒಲಾಂಪ್ ದ ಗೂಜ್ ಎರಡು ವರ್ಷಕ್ಕೆ ಗಿಲ್ಲೊಟಿನ್ ಪಾಲಾದಳು. ಅದರ ಹಿಂದಿನ ವಾರವೇ ಹೆಂಗಸರ ಸಂಘಗಳನ್ನೆಲ್ಲ ಮುಚ್ಚಿಸಿದ್ದರು. ಹುಡುಗಿಯರಿರುವ ತರಗತಿಯಲ್ಲಿ ಇದನ್ನು ಬಿಡಬೇಡಿ.

ಶಿರಾಳಕೊಪ್ಪ ರಸ್ತೆ

ವಿಷಯ ಸ್ವಲ್ಪ ಪಕ್ಕಕ್ಕೆ ಹೋಗುತ್ತೆ, ಆದರೂ ಕೇಳುತ್ತೇನೆ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಫ್ರಾನ್ಸಿನ ಕ್ರಾಂತಿಕಾರಿಗಳದ್ದರ ಹಾಗೆ ಜಾಕೊಬಿನ್ ಕ್ಲಬ್ ಮಾಡಿದ್ದ, ಸ್ವಾತಂತ್ರ್ಯದ ಗಿಡ ನೆಟ್ಟಿದ್ದ ಅನ್ನುತ್ತಾರಲ್ಲ, ನಿಜವಾ?

ಸಾಗರ ಸೀಮೆ

ಟಿಪ್ಪುವೇ ಕ್ಲಬ್ ಮಾಡಿದ್ದು ಅಂತಲ್ಲ. 1797ರಲ್ಲಿ ಅಲ್ಲಿದ್ದ ಫ್ರೆಂಚ್ ಸೈನಿಕರು ಸೇರಿ ಮಾಡಿದ್ದು ಅಂತ ದಾಖಲೆ ಇದೆ. ಆ ಕಾಗದ ಸಿಕ್ಕಿದ್ದು 1799ರಲ್ಲಿ ಪಟ್ಟಣ ಬಿದ್ದ ಮೇಲೆ, ಅಚ್ಚು ಹಾಕಿಸಿದ್ದು ಬ್ರಿಟಿಷರು. ಅದನ್ನು ಎಷ್ಟು ನಂಬಬೇಕು ಅಂತ ಇತಿಹಾಸಕಾರರಲ್ಲೇ ಜಗಳ ಇದೆ. ತರಗತಿಯಲ್ಲಿ ಹೇಳುವುದಾದರೆ ಆ ಜಗಳವನ್ನೂ ಹೇಳಿ. ಸಾಕು, ಮೇಷ್ಟ್ರ ಪ್ರಶ್ನೆಗೆ ಬರೋಣ.

ಈಸೂರು ಕಡೆಯವ

ಮೇಷ್ಟ್ರೇ, ಫ್ರಾನ್ಸಿಗೆ ಹೋಗುವ ಮೊದಲು ಮಕ್ಕಳನ್ನು ನಮ್ಮ ಶಿಕಾರಿಪುರ ತಾಲ್ಲೂಕಿಗೆ ಕರೆದುಕೊಂಡು ಬನ್ನಿ. 1942ರಲ್ಲಿ ಈಸೂರು ತನ್ನದೇ ಸರ್ಕಾರ ಅಂತ ಸಾರಿತು. ವೀರಭದ್ರ ದೇವಸ್ಥಾನದ ಮೇಲೆ ಬಾವುಟ ಹಾರಿಸಿದರು. ಹುಡುಗರನ್ನೇ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಅಂತ ನೇಮಕ ಮಾಡಿದರು. "ಏಸೂರು ಕೊಟ್ಟರೂ ಈಸೂರು ಕೊಡೆವು" ಅನ್ನುವ ಮಾತು ಎಲ್ಲರಿಗೂ ಗೊತ್ತು. ಸೆಪ್ಟೆಂಬರ್ 28ರಂದು ಪೊಲೀಸರ ಜೊತೆ ಘರ್ಷಣೆ ಆಗಿ ನಿಜವಾದ ಅಮಲ್ದಾರ ಮತ್ತು ಸಬ್ ಇನ್ಸ್‌ಪೆಕ್ಟರ್ ಇಬ್ಬರೂ ಸತ್ತರು. ಆಮೇಲೆ ಊರಿಗೆ ಸೈನ್ಯ ನುಗ್ಗಿತು, ಜನ ಕಾಡು ಸೇರಿದರು. 1943ರ ಮಾರ್ಚ್‌ನಲ್ಲಿ ಐದು ಜನರನ್ನು ಗಲ್ಲಿಗೇರಿಸಿದರು.

ನಮ್ಮಲ್ಲಿ ಈ ಕಥೆ ಹೇಳುವಾಗ ಹುತಾತ್ಮರಾದ ಐದು ಜನರ ಹೆಸರು ಹೇಳುತ್ತೇವೆ. ಆ ಇಬ್ಬರು ಅಧಿಕಾರಿಗಳ ವಿಷಯ ಬಂದಾಗ ಹಿರಿಯರು ದನಿ ತಗ್ಗಿಸುತ್ತಿದ್ದರು. ಅವರೂ ಕನ್ನಡದವರೇ, ಮೈಸೂರು ಸರ್ಕಾರದ ನೌಕರರು. ನನ್ನ ಅಜ್ಜಿ "ಪಾಪ, ಅವರಿಗೂ ಮನೆ ಇತ್ತು" ಅಂತ ಅನ್ನುತ್ತಿದ್ದಳು.

ತುಂಗೆಯ ದಡ

ಈಸೂರನ್ನು ಗಿಲ್ಲೊಟಿನ್ ಜೊತೆ ಸೇರಿಸಿದ್ದು ಸರಿಯಲ್ಲ ಅಣ್ಣಾ. ಈಸೂರಿನವರ ಕೈಯಲ್ಲಿ ಅಧಿಕಾರ ಇರಲಿಲ್ಲ. ಒಂದು ದಿನದ ಗಲಾಟೆಯಲ್ಲಿ ಆಗಿದ್ದು. ಅಲ್ಲಿ ಸರ್ಕಾರವೇ ಕೂತು ಪಟ್ಟಿ ಮಾಡಿ ಕೊಂದಿದ್ದು.

ಈಸೂರು ಕಡೆಯವ

ಸೇರಿಸಿಲ್ಲ ತಮ್ಮಾ. ನಮ್ಮ ಊರಿನ ಹೆಸರು ಕೆಡಿಸುವ ಮನಸ್ಸು ನನಗಿರುತ್ತಾ? ನೀನು ಹೇಳಿದ ಆ ವ್ಯತ್ಯಾಸವೇ ಮಕ್ಕಳು ಕಂಡುಕೊಳ್ಳಬೇಕಾದ್ದು. ಸಿಟ್ಟಿನಲ್ಲಿ ಒಂದು ದಿನ ಆಗುವುದು ಬೇರೆ, ತಣ್ಣಗೆ ಕೂತು ದಿನಾ ಮಾಡುವುದು ಬೇರೆ. ಎರಡನ್ನೂ ಪಕ್ಕಪಕ್ಕ ಇಡದೆ ಅದು ಹೇಗೆ ಕಾಣುತ್ತೆ?

ಸಾಗರ ಸೀಮೆ

ಅದರ ಪಕ್ಕಕ್ಕೆ ನಮ್ಮ ಸಾಗರ ತಾಲ್ಲೂಕಿನ ಕಾಗೋಡನ್ನೂ ಇಡಿ. 1951ರಲ್ಲಿ ಗೇಣಿ ರೈತರು ಎದ್ದರು. ದೊಡ್ಡ ಕೊಳಗದಲ್ಲಿ ಗೇಣಿ ಅಳೆಯುತ್ತಿದ್ದರು ಅನ್ನುವುದು ಅವರ ದೂರು. ಎಚ್. ಗಣಪತಿಯಪ್ಪ ರೈತರನ್ನು ಕಟ್ಟಿದರು, ಶಾಂತವೇರಿ ಗೋಪಾಲಗೌಡರು ಮುಂದೆ ನಿಂತರು, ಲೋಹಿಯಾ ಬಂದು ಬಂಧನಕ್ಕೆ ಒಳಗಾದರು. ಸಾಲು ಸಾಲಾಗಿ ಹೊಲಕ್ಕೆ ಇಳಿದು ಜೈಲಿಗೆ ಹೋದರು. ಏಟು ತಿಂದರು, ಹೊಡೆಯಲಿಲ್ಲ. ಆ ಜನರಿಗೆ ಸಿಟ್ಟು ಕಡಿಮೆ ಇತ್ತು ಅಂತ ತಿಳಿಯಬೇಡಿ. ನಾನು ಚಿಕ್ಕವನಿದ್ದಾಗ ಅವರಲ್ಲಿ ಕೆಲವರನ್ನು ನೋಡಿದ್ದೇನೆ. ಕೊಳಗದ ಮಾತೆತ್ತಿದರೆ ಮುಪ್ಪಿನಲ್ಲೂ ಕೈ ನಡುಗುತ್ತಿತ್ತು.

ಭದ್ರಾವತಿ ಅಪ್ಪ

ಕಾಗೋಡಿನವರಿಗೆ ಆ ಭೂಮಿ ಸಿಕ್ಕಿದ್ದು ಯಾವಾಗ ಸರ್?

ಸಾಗರ ಸೀಮೆ

ತುಂಬಾ ಕಾಯಬೇಕಾಯಿತು. ಉಳುವವನಿಗೆ ಭೂಮಿ ಗಟ್ಟಿಯಾಗಿ ಬಂದಿದ್ದು 1974ರ ತಿದ್ದುಪಡಿ ಆದ ಮೇಲೆ, ಅರಸು ಕಾಲದಲ್ಲಿ. ಇಪ್ಪತ್ತು ವರ್ಷದ ಮೇಲಾಯಿತು. ಅಷ್ಟರಲ್ಲಿ ಕೆಲವರು ತೀರಿಕೊಂಡಿದ್ದರು. ಅದನ್ನೂ ಮಕ್ಕಳಿಂದ ಮುಚ್ಚಿಡಬಾರದು.

ಕೊಪ್ಪದ ಮಳೆ

ಕಾಯುವುದಕ್ಕೆ ಆಗಲ್ಲ ಅಂದವರು ನಮ್ಮ ಕಾಡಿಗೂ ಬಂದಿದ್ದರಲ್ಲ. ಇದನ್ನು ಬರೆಯಲೋ ಬೇಡವೋ ಅಂತ ಯೋಚನೆ ಮಾಡಿ ಬರೆಯುತ್ತಿದ್ದೇನೆ.

2005ರ ಹೊತ್ತಿಗೆ ನಾನು ಹೈಸ್ಕೂಲು. ಒಂಟಿ ಮನೆ, ಸುತ್ತ ಕಾಡು. ಆ ಫೆಬ್ರವರಿಯಲ್ಲಿ ಚಿಕ್ಕಮಗಳೂರು ಜಿಲ್ಲೆಯಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ಎನ್‌ಕೌಂಟರ್ ಆಯಿತು. ಕೆಲವೇ ದಿನಕ್ಕೆ ಪಾವಗಡದ ಕಡೆ ಪೊಲೀಸ್ ಶಿಬಿರದ ಮೇಲೆ ದಾಳಿ ಆಗಿ ಪೊಲೀಸರು ಸತ್ತರು. ಆಮೇಲೆ ನಮ್ಮ ಕಡೆ ರಾತ್ರಿ ಬಾಗಿಲು ಬಡಿದರೆ ಅಮ್ಮ ದೀಪ ಆರಿಸುತ್ತಿದ್ದಳು. ಒಂದು ಸಲ ಕಾಡಿನವರು ಬಂದು ಅನ್ನ ಕೇಳಿದರು, ಹಾಕಿದಳು. ಹಸಿದು ಬಂದವರಿಗೆ ಇಲ್ಲ ಅನ್ನುವುದು ಹೇಗೆ? ಎರಡು ದಿನ ಬಿಟ್ಟು ಪೊಲೀಸರು ಬಂದು ಯಾಕೆ ಹಾಕಿದಿರಿ ಅಂದರು. ಮುಂದಿನ ಸಲ ಕಾಡಿನವರು ಬಂದು ಯಾಕೆ ಹೇಳಿದಿರಿ ಅಂದರು. ಅಪ್ಪ ಯಾವ ಪಕ್ಷಕ್ಕೂ ಸೇರಿದವನಲ್ಲ. ಬೆಳಿಗ್ಗೆ ಎದ್ದರೆ ಕೊಟ್ಟಿಗೆ, ತೋಟ. ಊರಲ್ಲಿ ಯಾರು ಯಾರ ಜೊತೆ ಮಾತಾಡಿದರು ಅಂತ ಎಲ್ಲರೂ ಎಲ್ಲರನ್ನೂ ನೋಡುವುದು ಶುರುವಾಯಿತು. ಪಕ್ಕದ ಮನೆಯವರು ಹಾಲು ತಗೊಳ್ಳುವುದು ಬಿಟ್ಟರು.

2025ರ ಜನವರಿಯಲ್ಲಿ ಆರು ಜನ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಮುಂದೆ ಶರಣಾದರು ಅಂತ ಟಿವಿಯಲ್ಲಿ ಬಂದಾಗ ಅಮ್ಮ ಏನೂ ಹೇಳಲಿಲ್ಲ. ಎದ್ದು ಹೋಗಿ ದೇವರಿಗೆ ದೀಪ ಹಚ್ಚಿದಳು. ಮೇಷ್ಟ್ರೇ, ಶಂಕಿತರ ಕಾನೂನು ಅಂದರೆ ನನಗೆ ಆ ಬಾಗಿಲು ಬಡಿಯುವ ಶಬ್ದ. ನಿಮ್ಮ ತರಗತಿಯಲ್ಲೂ ಅಂಥ ಮನೆಯ ಮಕ್ಕಳು ಇರಬಹುದು, ನೋಡಿಕೊಂಡು ಮಾತಾಡಿ.

ತೀರ್ಥಹಳ್ಳಿ ಮೇಷ್ಟ್ರು

ನೀವು ಬರೆದದ್ದನ್ನು ಎರಡು ಸಲ ಓದಿದೆ. ಇದು ನನಗೆ ಹೊಳೆದೇ ಇರಲಿಲ್ಲ. ಬರೆದದ್ದಕ್ಕೆ ಋಣಿ.

ಅಡಿಕೆ ಚಪ್ಪರ

ಕೊಪ್ಪದವರೇ, ಅಮ್ಮನಿಗೆ ನಮಸ್ಕಾರ ಹೇಳಿ.

ಮೇಷ್ಟ್ರೇ, ಬೆಲೆಯ ವಿಷಯ ಬಿಡಬೇಡಿ. 1793 ಸೆಪ್ಟೆಂಬರ್ 29ರಂದು ಗರಿಷ್ಠ ಬೆಲೆ ಕಾನೂನು ತಂದರು. ಧಾನ್ಯ, ಎಣ್ಣೆ, ಸೋಪು, ಸೌದೆ ಎಲ್ಲಕ್ಕೂ ಇದಕ್ಕಿಂತ ಜಾಸ್ತಿಗೆ ಮಾರಬಾರದು ಅಂತ. ಬಡವರಿಗೆ ಸಂತೋಷ. ಆದರೆ ಅದೇ ಕಾನೂನು ಕೂಲಿಗೂ ಮಿತಿ ಹಾಕಿತ್ತು. 1794 ಜುಲೈ ಕೊನೆಯಲ್ಲಿ ಪ್ಯಾರಿಸ್ಸಿನ ಆಡಳಿತ ಕೂಲಿಯ ಹೊಸ ದರ ಪ್ರಕಟಿಸಿತು, ಎಷ್ಟೋ ಕೆಲಸಗಾರರ ಕೂಲಿ ಇಳಿಯುತ್ತಿತ್ತು. ಅದೇ ವಾರ ರೋಬೆಸ್ಪಿಯರ್ ಬಿದ್ದ. ಅವನ ಕಡೆಯವರನ್ನು ಗಾಡಿಯಲ್ಲಿ ಒಯ್ಯುವಾಗ ಕೆಲಸಗಾರರು ಈ ಕೂಲಿ ಕಾನೂನನ್ನೇ ಬೈದರಂತೆ. ಯಾರ ಹೆಸರಲ್ಲಿ ಎಲ್ಲಾ ನಡೆಯಿತೋ ಅವರೇ ಕೊನೆಗೆ ಕೈಬಿಟ್ಟರು. ಅಡಿಕೆ ಧಾರಣೆ ಕುಸಿದ ವರ್ಷ ನಮ್ಮೂರಲ್ಲಿ ಜನರ ಬಾಯಿ ಹೇಗಿರುತ್ತೆ ಅಂತ ಮಕ್ಕಳಿಗೆ ಗೊತ್ತಿರುತ್ತೆ, ಅಲ್ಲಿಂದ ಶುರು ಮಾಡಿ.

ಶಿವಮೊಗ್ಗ ವಕೀಲ

ಮುಗಿದ ರೀತಿಯನ್ನೂ ಹೇಳಿ. 1794 ಜುಲೈ 28ರಂದು ರೋಬೆಸ್ಪಿಯರ್ ಜೊತೆ 21 ಜನ. ಮಾರನೇ ದಿನ ಪ್ಯಾರಿಸ್ ಕಮ್ಯೂನಿನ, ಅಂದರೆ ನಗರಸಭೆಯ, ಇನ್ನೂ 70ಕ್ಕೂ ಹೆಚ್ಚುಕಡಿಮೆ ಅಷ್ಟೇ ಜನ. ಇವರಿಗೆ ವಿಚಾರಣೆಯೇ ಇಲ್ಲ, ಹೆಸರು ಇದೇನಾ ಅಂತ ಖಾತ್ರಿ ಮಾಡಿಕೊಂಡು ಕಳಿಸಿದ್ದು. ಅವನನ್ನು ಕೆಳಗಿಳಿಸಿದವರಲ್ಲಿ ಫೂಷೆ, ಕೊಲೋ ದೆರ್ಬುವಾ ಇದ್ದರು, ಲಿಯೋನ್‌ನಲ್ಲಿ ಜನರನ್ನು ಸಾಲಾಗಿ ನಿಲ್ಲಿಸಿ ಫಿರಂಗಿಯಿಂದ ಕೊಲ್ಲಿಸಿದವರು. ಕೆಟ್ಟವನು ಸತ್ತ, ಒಳ್ಳೆಯವರು ಗೆದ್ದರು ಅಂತ ಮುಗಿಸಿದರೆ ಸುಳ್ಳು ಹೇಳಿದ ಹಾಗೆ.

ತೀರ್ಥಹಳ್ಳಿ ಮೇಷ್ಟ್ರು

ಒಂಬತ್ತು ದಿನದ ಮೇಲೆ ಬರೆಯುತ್ತಿದ್ದೇನೆ. ಮಳೆಗೆ ಎರಡು ದಿನ ರಜೆ ಬೇರೆ ಕೊಟ್ಟರು.

ಮೊದಲು ತರಗತಿಯಲ್ಲಿ ಎಲ್ಲರ ಎದುರು ಅವತ್ತು ಚೀಟಿ ಆಡಿಸಿದ್ದು ನನ್ನ ತಪ್ಪು ಅಂದೆ. ಯಾರ ಹೆಸರನ್ನೂ ಎತ್ತಲಿಲ್ಲ. ಹೊಸನಗರದ ಮೇಡಂ ಹೇಳಿದ ಹಾಗೆ ಕಾರ್ಡು ಮಾಡಿದೆ. ಬೋರ್ಡಿನ ಮೇಲೆ ವಕೀಲರ ತಾರೀಖುಗಳು. ಪ್ರತಿ ಮೆಟ್ಟಿಲಲ್ಲೂ ನಿಲ್ಲಿಸಿ, ನೀವು ಸಭೆಯಲ್ಲಿದ್ದರೆ ಇದಕ್ಕೆ ಕೈ ಎತ್ತುತ್ತೀರಾ ಅಂತ ಕೇಳಿದೆ. ನ್ಯಾಯಮಂಡಳಿಗೆ ಬಹಳ ಕೈ ಎದ್ದವು. ಬೆಲೆ ಕಾನೂನಿಗೆ ಎಲ್ಲರ ಕೈ. ಶಂಕಿತರ ಕಾನೂನಿಗೆ ಅರ್ಧ. ಪ್ರೇರಿಯಲ್ ಕಾನೂನಿಗೆ ಬಂದಾಗ ಒಬ್ಬಳು ಎದ್ದು "ಸರ್, ಈಗ ಬೇಡ ಅಂದರೆ ನಮ್ಮನ್ನೇ ಹಿಡೀತಾರಲ್ಲ" ಅಂದಳು. ನಾನು ಸುಮ್ಮನೆ ನಿಂತೆ. ಅವರವರೇ ಮಾತಾಡಿಕೊಂಡರು. ಯಾವ ಮೆಟ್ಟಿಲಲ್ಲಿ ಬೇಡ ಅನ್ನಬೇಕಿತ್ತು ಅಂತ ಜಗಳವೇ ಆಯಿತು. ಬೆಲ್ ಹೊಡೆದರೂ ಏಳಲಿಲ್ಲ.

ಆ ಹುಡುಗನಿಗೆ ಮಗನನ್ನು ಬಚ್ಚಿಟ್ಟ ಅಮ್ಮನ ಕಾರ್ಡು ಬಂದಿತ್ತು. ಅವನ ಗುಂಪಿನ ಇಬ್ಬರು ಇವಳನ್ನು ಒಳಗೆ ಹಾಕಲೇಬೇಕು, ಕಾನೂನು ಹಾಗಿದೆ ಅಂದರು. ಅವನು "ಅವಳು ಮಾಡಿದ್ದು ಅನ್ನ ಹಾಕಿದ್ದು ಅಷ್ಟೇ ಅಲ್ವಾ" ಅಂದ. ಈ ವರ್ಷ ತರಗತಿಯಲ್ಲಿ ಅವನು ತಾನಾಗಿ ಆಡಿದ ಮೊದಲ ಮಾತು. ಆಮೇಲೆ ಆ ಇಬ್ಬರಲ್ಲಿ ಒಬ್ಬ ಹಾಸ್ಟೆಲ್ ತನಕ ಅವನ ಜೊತೆ ನಡೆದು ಹೋದ.

ಮಳೆ ಕಡಿಮೆಯಾದ ಮೇಲೆ ಈಸೂರಿಗೆ ಒಂದು ದಿನ ಕರೆದುಕೊಂಡು ಬರಬೇಕು ಅಂತಿದ್ದೇನೆ. ಪ್ರಾಂಶುಪಾಲರು ಒಪ್ಪಿದ್ದಾರೆ. ಅಲ್ಲಿ ಮಕ್ಕಳ ಜೊತೆ ಮಾತಾಡುವ ಹಿರಿಯರು ಯಾರಾದರೂ ಸಿಗುತ್ತಾರಾ?

ಕೊಪ್ಪದ ಮಳೆ

ಓದಿದೆ ಮೇಷ್ಟ್ರೇ. ಅಮ್ಮನಿಗೂ ಓದಿ ಹೇಳಿದೆ.

ಈಸೂರು ಕಡೆಯವ

ಬನ್ನಿ ಮೇಷ್ಟ್ರೇ, ಹಿರಿಯರನ್ನು ಕೂರಿಸುವ ಕೆಲಸ ನನ್ನದು. ದಸರಾ ರಜೆ ಮುಗಿದ ಮೇಲೆ ಇಟ್ಟುಕೊಳ್ಳಿ, ಗದ್ದೆ ಕೆಲಸ ಸ್ವಲ್ಪ ಬಿಡುವಿರುತ್ತೆ. ಮಧ್ಯಾಹ್ನದ ಊಟ ನಮ್ಮ ಕಡೆಯಿಂದ. ಎಷ್ಟು ಜನ ಅಂತ ಎರಡು ದಿನ ಮೊದಲು ತಿಳಿಸಿ.